ಹೊಡೆದಾಟದ ಕೇಸ್ ಬಿದ್ದರೆ ವಕೀಲರ ನೆರವು ಪಡೆಯುವ ಕ್ರಮ: ಮೊದಲ ಫೋನಿನಿಂದ ಕೊನೆಯ ವಾಯಿದೆವರೆಗೆ

"ಠಾಣೆಯಲ್ಲೇ ರಾಜಿ ಆಯ್ತಲ್ಲ ಸಾರ್, ಮತ್ತೆ ಈ ವಾರಂಟ್ ಯಾಕೆ ಬಂತು?"

ನಾನು ತಾಲ್ಲೂಕು ಕೋರ್ಟ್‌ನಲ್ಲಿ ವಕೀಲಿಕೆ ಮಾಡುವವನು. ಈ ಪ್ರಶ್ನೆ ಕೇಳದೆ ನನಗೆ ತಿಂಗಳು ಕಳೆಯುವುದಿಲ್ಲ. ಬದುವಿನ ಜಗಳವೋ, ಪಾರ್ಕಿಂಗ್ ಜಗಳವೋ, ಮದುವೆ ಮನೆಯ ತಳ್ಳಾಟವೋ ಆಗಿರುತ್ತದೆ. ಠಾಣೆಗೆ ಕರೆಸಿ ಕೂರಿಸಿ, ಬೈದು, ಮುಚ್ಚಳಿಕೆ ಬರೆಸಿ ಕಳಿಸಿರುತ್ತಾರೆ. ಇವರು ಮುಗಿಯಿತು ಅಂದುಕೊಂಡು ಮನೆಯಲ್ಲಿ ಕೂತಿರುತ್ತಾರೆ. ಆದರೆ ಎಫ್‌ಐಆರ್ ಆಗಲೇ ದಾಖಲಾಗಿರುತ್ತದೆ. ಒಮ್ಮೆ ದಾಖಲಾದ ಎಫ್‌ಐಆರ್ ಅನ್ನು ಠಾಣೆಯವರು ರಾಜಿ ಮಾಡಿ ಹರಿದು ಹಾಕಲು ಬರುವುದಿಲ್ಲ. ಅದು ಕೋರ್ಟ್‌ಗೆ ಹೋಗಿಯೇ ಹೋಗುತ್ತದೆ. ಸಮನ್ಸ್ ಹಳೇ ವಿಳಾಸಕ್ಕೆ ಹೋಗುತ್ತದೆ, ಆಮೇಲೆ ವಾರಂಟ್ ಮನೆಗೆ ಬರುತ್ತದೆ.

ತಪ್ಪು ಆಗುತ್ತಿರುವುದು ಕ್ರಮದಲ್ಲಿ. ಜನ ಮೊದಲು ಠಾಣೆಗೆ ಹೋಗುತ್ತಾರೆ, ಆಮೇಲೆ ಮಾತಾಡುತ್ತಾರೆ, ಆಮೇಲೆ ಸಹಿ ಹಾಕುತ್ತಾರೆ, ಕೊನೆಗೆ ವಕೀಲರನ್ನು ಹುಡುಕುತ್ತಾರೆ. ಇದನ್ನು ತಿರುವಿ ಹಾಕಬೇಕು. ಕೆಳಗಿನದೆಲ್ಲ ಕರ್ನಾಟಕದಲ್ಲಿ ನಡೆಯುವ ಕೇಸ್‌ಗಳಿಗೆ. ಕಾನೂನು ದೇಶಕ್ಕೆಲ್ಲ ಒಂದೇ ಆದರೂ ಕಚೇರಿಗಳ ರೂಢಿ ಬೇರೆ ಬೇರೆ.

ಮೊದಲು ಇಷ್ಟು ಜೋಡಿಸಿಕೊಳ್ಳಿ

ಒಂದು ಫೈಲ್, ಒಂದು ನೋಟ್‌ಬುಕ್. ಆಧಾರ್‌ನ ನಾಲ್ಕೈದು ಜೆರಾಕ್ಸ್, ಪಾಸ್‌ಪೋರ್ಟ್ ಅಳತೆಯ ಫೋಟೋ. ಜಾಮೀನು ನಿಲ್ಲಬಲ್ಲ ಇಬ್ಬರ ಹೆಸರು ಮತ್ತು ಅವರ ಪಹಣಿ ಅಥವಾ ಖಾತಾ ಪತ್ರ. ಮನೆಯವರ ಎರಡು ಫೋನ್ ನಂಬರ್ ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ, ಯಾಕೆಂದರೆ ಬಂಧನವಾದ ಕ್ಷಣ ಮೊಬೈಲ್ ನಿಮ್ಮ ಕೈಯಲ್ಲಿ ಇರುವುದಿಲ್ಲ. ಕಾನೂನು ನೆರವಿನ ಉಚಿತ ಸಹಾಯವಾಣಿ 15100 ಅದೇ ಚೀಟಿಯಲ್ಲಿರಲಿ.

ಹಂತ 1: ಮೊದಲ ಕೆಲವು ಗಂಟೆ – ಗಾಯ ತೋರಿಸಿ, ಮಾತು ನಿಲ್ಲಿಸಿ

ಹೊಡೆದಾಟದಲ್ಲಿ ಏಟು ಒಬ್ಬರಿಗೇ ಬೀಳುವುದು ಕಡಿಮೆ. ನಿಮಗೂ ತರಚಿದ್ದರೆ, ಊದಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೇಗಾಯಿತು ಎಂದು ವೈದ್ಯರು ಕೇಳುತ್ತಾರೆ. "ಬಿದ್ದೆ" ಅನ್ನಬೇಡಿ. ಮರ್ಯಾದೆಗೆ ಅಂಜಿ ಸುಮಾರು ಜನ ಹೀಗೇ ಹೇಳುತ್ತಾರೆ. ಆ ಒಂದು ಪದ ಆಸ್ಪತ್ರೆಯ ಪುಸ್ತಕದಲ್ಲಿ ಉಳಿದುಬಿಡುತ್ತದೆ, ಮುಂದೆ ನಿಮ್ಮ ವಕೀಲರ ಕೈ ಕಟ್ಟುತ್ತದೆ. ಯಾರು, ಯಾವುದರಿಂದ, ಎಷ್ಟು ಹೊತ್ತಿಗೆ ಹೊಡೆದರು ಎಂದು ಇದ್ದದ್ದು ಇದ್ದ ಹಾಗೆ ಹೇಳಿ, ಎಂಎಲ್‌ಸಿ (ಪೊಲೀಸ್ ಕೇಸ್‌ನ ಗಾಯ ಎಂದು ಆಸ್ಪತ್ರೆ ಮಾಡುವ ದಾಖಲೆ) ಮಾಡಿಸಿ, ಚೀಟಿ ಇಟ್ಟುಕೊಳ್ಳಿ. ಆರೋಪಿಯ ಮೈಮೇಲಿನ ಗಾಯ ಹೇಗಾಯಿತು ಎಂದು ಪೊಲೀಸರ ಕಡೆಯವರು ವಿವರಿಸದೆ ಹೋದರೆ, ಅವರು ಹೇಳುವ ಕಥೆಯ ಮೇಲೆಯೇ ಕೋರ್ಟ್‌ಗೆ ಅನುಮಾನ ಬರಬಹುದು. ನಿಮ್ಮ ಗಾಯ ಸಾಕ್ಷ್ಯವೇ, ಅದನ್ನು ಕಳೆದುಕೊಳ್ಳಬೇಡಿ.

ಎದುರಿನವರಿಗೆ ಫೋನ್ ಮಾಡಬೇಡಿ. "ಸಾರಿ ಅಣ್ಣ, ಸಿಟ್ಟಿನಲ್ಲಿ ಕೈ ಎತ್ತಿಬಿಟ್ಟೆ" ಎಂಬ ವಾಟ್ಸ್‌ಆ್ಯಪ್ ಮೆಸೇಜ್ ಒಳ್ಳೆ ಮನಸ್ಸಿನಿಂದಲೇ ಹೋಗಿರಬಹುದು. ನಾಳೆ ಅದರ ಪ್ರಿಂಟ್ ಕೋರ್ಟ್ ಫೈಲ್‌ನಲ್ಲಿರುತ್ತದೆ. ಬೆದರಿಸುವ ಮೆಸೇಜ್ ಹೋದರಂತೂ ಹೊಸ ಕಲಂ ಸೇರಿಕೊಳ್ಳುತ್ತದೆ. ಸ್ಟೇಟಸ್ ಹಾಕುವುದು, ಊರ ಗ್ರೂಪ್‌ನಲ್ಲಿ ವಾದ ಮಾಡುವುದು ಕೂಡ ಬೇಡ.

ನಿಮಗೇ ಮೊದಲು ಹೊಡೆದಿದ್ದರೆ ನಿಮ್ಮ ದೂರನ್ನೂ ಅದೇ ದಿನ ಕೊಡಿ. ತಡವಾದ ಪ್ರತಿದೂರನ್ನು ಕೋರ್ಟ್ "ಬಚಾವಾಗಲು ಕೊಟ್ಟಿದ್ದು" ಎಂದು ನೋಡುವ ಸಾಧ್ಯತೆ ಜಾಸ್ತಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು.

ಹಂತ 2: ನಿಮ್ಮ ಮೇಲೆ ಯಾವ ಕಲಂ ಇದೆ ನೋಡಿ

ವಕೀಲರಿಗೆ ಫೋನ್ ಮಾಡಿ "ಸಾರ್, ಗಲಾಟೆ ಕೇಸ್" ಎಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಕಲಂ ನಂಬರ್ ಹೇಳಿದರೆ ಎರಡೇ ನಿಮಿಷದಲ್ಲಿ ಮುಂದಿನ ದಾರಿ ಹೇಳುತ್ತಾರೆ. ಹಾಗಾಗಿ ಎಫ್‌ಐಆರ್ ಪ್ರತಿ ಮೊದಲು ಸಂಪಾದಿಸಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟ್‌ಗೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ರಾಜ್ಯ ಪೊಲೀಸ್ ವೆಬ್‌ಸೈಟ್‌ನಲ್ಲಿ ಠಾಣೆಯ ಹೆಸರು, ವರ್ಷ, ನಂಬರ್ ಹಾಕಿ ಹುಡುಕಿ. ಸಿಗದಿದ್ದರೆ ವಕೀಲರ ಗುಮಾಸ್ತರು ಕೋರ್ಟ್‌ನಲ್ಲಿ ನಕಲು ಅರ್ಜಿ ಹಾಕಿ ತೆಗೆಸುತ್ತಾರೆ.

ಘಟನೆ 2024ರ ಜುಲೈ 1ಕ್ಕೆ ಮುಂಚೆ ನಡೆದಿದ್ದರೆ ಹಳೇ ಐಪಿಸಿ ಕಲಂ, ಆಮೇಲಿನದಾದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ. ಹಿರಿಯ ಪೇದೆಗಳು ಈಗಲೂ "323, 324, 504, 506" ಅಂತಲೇ ಮಾತಾಡುತ್ತಾರೆ. ಹೊಸ ಲೆಕ್ಕ ಹೀಗಿದೆ.

115(2) ಎಂದರೆ ಸಾಧಾರಣ ಗಾಯ, ಹಳೇ 323. ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾಮೀನು ಹಕ್ಕಾಗಿ ಸಿಗುತ್ತದೆ. ಬರೀ ಇದೊಂದೇ ಇದ್ದರೆ ಎನ್‌ಸಿ, ಅಂದರೆ ಪೊಲೀಸರು ತಾವಾಗಿ ಕೈಗೆತ್ತಿಕೊಳ್ಳಲಾಗದ ಪ್ರಕರಣ. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಆ ಅನುಮತಿ ಸರಿಯಾಗಿಲ್ಲ ಎಂಬ ಒಂದೇ ಕಾರಣಕ್ಕೆ ನಮ್ಮ ಹೈಕೋರ್ಟ್ ಎಷ್ಟೋ ಕೇಸ್ ರದ್ದು ಮಾಡಿದೆ. ಇದನ್ನು ವಕೀಲರಿಗೆ ನೆನಪಿಸಲು ಸಂಕೋಚ ಬೇಡ.

117(2) ಎಂದರೆ ತೀವ್ರ ಗಾಯ. ಮೂಳೆ ಅಥವಾ ಹಲ್ಲು ಮುರಿದರೆ ಇದು ಬರುತ್ತದೆ. ಏಳು ವರ್ಷದವರೆಗೆ ಶಿಕ್ಷೆ ಇದ್ದರೂ ಜಾಮೀನು ಸಿಗುವ ಕಲಂ.

118(1), ಅಂದರೆ ಹಳೇ 324, ಜನ ಎಡವುವ ಜಾಗ. ಆಯುಧದಿಂದ ಮಾಡಿದ ಸಾಧಾರಣ ಗಾಯ ಇದು. ಶಿಕ್ಷೆ ಮೂರೇ ವರ್ಷದವರೆಗೆ. ಆದರೆ ಹೊಸ ಕಾನೂನಿನ ಪಟ್ಟಿಯಲ್ಲಿ ಇದು ಜಾಮೀನು ರಹಿತ. "324ಕ್ಕೆ ಠಾಣೆಯಲ್ಲೇ ಬೇಲ್ ಕೊಡ್ತಾರೆ ಬಿಡಿ" ಎಂದು ಹಳಬರು ಹೇಳಿದರೆ ನಂಬಬೇಡಿ. ದೊಣ್ಣೆ, ಸಲಿಕೆಯ ಕಾವು, ಬಾಟಲಿ ಎಂದು ದೂರಿನಲ್ಲಿ ಬರೆದಿದ್ದರೆ ಈ ಕಲಂ ಬಿದ್ದಿರುವ ಸಾಧ್ಯತೆ ಜಾಸ್ತಿ.

118(2) ಆಯುಧದಿಂದ ತೀವ್ರ ಗಾಯ. 109 ಕೊಲೆ ಯತ್ನ. ಎರಡೂ ಭಾರಿ ಕಲಂಗಳು, ಜಾಮೀನು ರಹಿತ. 132 ಕರ್ತವ್ಯದಲ್ಲಿರುವ ಸರ್ಕಾರಿ ನೌಕರರ ಮೇಲೆ ಕೈ ಮಾಡಿದ್ದು, 74 ಮಹಿಳೆಯ ಮಾನಕ್ಕೆ ಕುಂದು ತರುವ ಹಲ್ಲೆ. ಇವೂ ಜಾಮೀನು ರಹಿತ. ಜೊತೆಗೆ 126(2) ಅಡ್ಡಗಟ್ಟಿದ್ದು, 351 ಬೆದರಿಕೆ, 352 ಅವಮಾನ ಮಾಡಿ ಕೆಣಕಿದ್ದು, 3(5) ಎಲ್ಲರೂ ಸೇರಿ ಮಾಡಿದ್ದು ಎಂದು ಬಾಲ ಇದ್ದೇ ಇರುತ್ತದೆ. ಬಾಲ ನೋಡಿ ಹೆದರಬೇಡಿ, ತಲೆ ಯಾವುದು ನೋಡಿ.

ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಸೇರಿದ್ದರೆ ಲೆಕ್ಕವೇ ಬೇರೆ. ನಿರೀಕ್ಷಣಾ ಜಾಮೀನಿಗೆ, ಅಂದರೆ ಬಂಧನಕ್ಕೆ ಮುಂಚೆಯೇ ಪಡೆಯುವ ಜಾಮೀನಿಗೆ, ಆ ಕಾಯ್ದೆಯ 18ನೇ ಕಲಂ ಅಡ್ಡ ಬರುತ್ತದೆ. ಆ ಕೇಸ್ ನಡೆಸಿ ಗೊತ್ತಿರುವವರನ್ನೇ ಹುಡುಕಿ, ಅದೂ ಇವತ್ತೇ.

ಎಫ್‌ಐಆರ್ ಕೈಗೆ ಬಂದಾಗ ಎರಡು ಕಡೆ ಬೆರಳಿಟ್ಟು ಓದಿ. ಒಂದು, ದೂರು ಕೊಡಲು ತಡವಾದ ಕಾರಣ ಎಂಬ ಅಂಕಣ. ಎರಡು, ಎಫ್‌ಐಆರ್ ಅನ್ನು ಕೋರ್ಟ್‌ಗೆ ಕಳಿಸಿದ ದಿನ ಮತ್ತು ಸಮಯ. ಒಮ್ಮೆ ಒಬ್ಬ ರೈತರ ಎಫ್‌ಐಆರ್ ನೋಡುತ್ತಿದ್ದೆ. ಗಲಾಟೆ ಸೋಮವಾರ ಬೆಳಿಗ್ಗೆ, ದೂರು ಬುಧವಾರ ಸಂಜೆ. ಕಾರಣದ ಜಾಗದಲ್ಲಿ "ಹಿರಿಯರೊಂದಿಗೆ ಚರ್ಚಿಸಿ" ಎಂದು ಎರಡೇ ಪದ. ಸೋಮವಾರದ ಆಸ್ಪತ್ರೆ ಚೀಟಿಯಲ್ಲಿ ಕೈಯಿಂದ ಗುದ್ದಿದರು ಎಂದಿತ್ತು. ಬುಧವಾರದ ದೂರಿಗೆ ಬರುವಾಗ ಆ ಕೈಗೆ ಒಂದು ಸಲಿಕೆ ಸೇರಿಕೊಂಡಿತ್ತು. ಜಾಮೀನು ಅರ್ಜಿಯಲ್ಲಿ ನಾವು ಹಿಡಿದದ್ದು ಇದೊಂದನ್ನೇ.

ಹಂತ 3: ವಕೀಲರನ್ನು ಹುಡುಕುವುದು

ಜಮೀನು ಕೇಸ್ ನೋಡುವ ವಕೀಲರು ಒಳ್ಳೆಯವರೇ ಇರಬಹುದು. ನಿಮಗೆ ಬೇಕಿರುವುದು ಕ್ರಿಮಿನಲ್ ಕೇಸ್ ನಡೆಸುವವರು, ಅದರಲ್ಲೂ ನಿಮ್ಮ ಕೇಸ್ ಬರುವ ಕೋರ್ಟ್‌ನಲ್ಲೇ ದಿನಾ ಇರುವವರು. ದೂರದ ದೊಡ್ಡ ಹೆಸರಿನವರು ಪ್ರತಿ ವಾಯಿದೆಗೆ (ಕೋರ್ಟ್ ಕೊಟ್ಟ ದಿನಾಂಕಕ್ಕೆ) ಜೂನಿಯರ್‌ಗಳನ್ನು ಕಳಿಸುತ್ತಾರೆ. ಗಾಯದ ಕೇಸ್‌ಗಳು ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟ್‌ನಲ್ಲಿ ನಡೆಯುತ್ತವೆ, ಕೊಲೆ ಯತ್ನದ್ದು ಸೆಷನ್ಸ್‌ಗೆ ಹೋಗುತ್ತದೆ.

ಹೇಗೆ ಹುಡುಕಬೇಕು? ಒಂದು ಬೆಳಿಗ್ಗೆ ಆ ಕೋರ್ಟ್ ಹಾಲ್‌ನ ಹಿಂದಿನ ಬೆಂಚಿನಲ್ಲಿ ಹೋಗಿ ಕೂತು ನೋಡಿ. ತೆರೆದ ಕೋರ್ಟ್, ಯಾರೂ ತಡೆಯುವುದಿಲ್ಲ. ಯಾರು ಫೈಲ್ ಓದಿಕೊಂಡು ಬಂದಿದ್ದಾರೆ, ಯಾರು ಪಾಟೀ ಸವಾಲು ಚೆನ್ನಾಗಿ ಮಾಡುತ್ತಾರೆ, ಯಾರು ಬರೀ "ಟೈಮ್ ಕೊಡಿ ಸ್ವಾಮಿ" ಅನ್ನುತ್ತಾರೆ ಎಂದು ಒಂದೂವರೆ ಗಂಟೆಯಲ್ಲಿ ತಿಳಿಯುತ್ತದೆ. ಬಂಧನದ ಭಯ ಇದ್ದರೆ ನೀವು ಹೋಗಬೇಡಿ, ಮನೆಯವರನ್ನು ಕಳಿಸಿ.

ಇಬ್ಬರು ಮೂವರ ಹೆಸರು ಸಿಕ್ಕ ಮೇಲೆ ಅವರನ್ನು ನೇರವಾಗಿ ಕೇಳಿ. ಸನ್ನದು (ವಕೀಲರ ನೋಂದಣಿ) ನಂಬರ್ ಏನು? ಕರ್ನಾಟಕದವರದ್ದು ಕೆಎಆರ್ ಎಂದು ಶುರುವಾಗಿ ನಂಬರ್, ವರ್ಷ ಇರುತ್ತದೆ. ಈ ಕಲಂನ ಕೇಸ್ ಇದೇ ಕೋರ್ಟ್‌ನಲ್ಲಿ ನಡೆಸಿದ್ದೀರಾ? ವಾಯಿದೆಗೆ ನೀವೇ ಬರುತ್ತೀರಾ? ಫೀಸು ಜಾಮೀನಿಗೆ ಮಾತ್ರವಾ, ಪೂರ್ತಿ ಕೇಸ್‌ಗಾ? ಈ ಕೊನೆಯ ಪ್ರಶ್ನೆ ಕೇಳದೆ ಜಗಳವಾದ ಕಕ್ಷಿದಾರರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಎಚ್ಚರದ ಸೂಚನೆಗಳು ಕೆಲವಿವೆ. "ನೂರಕ್ಕೆ ನೂರು ಖುಲಾಸೆ ಮಾಡಿಸ್ತೀನಿ" ಅನ್ನುವವರು. "ಸಾಹೇಬರಿಗೆ ಕೊಡಬೇಕು" ಎಂದು ಬೇರೆ ದುಡ್ಡು ಕೇಳುವವರು. ಗೆದ್ದರೆ ಇಷ್ಟು ಪಾಲು ಎನ್ನುವವರು, ಇದಂತೂ ವಕೀಲರ ವೃತ್ತಿ ನಿಯಮಕ್ಕೇ ವಿರುದ್ಧ. ಠಾಣೆಯಲ್ಲಿ ಯಾರೋ ನಂಬರ್ ಕೊಟ್ಟು "ಇವರನ್ನೇ ಹಿಡಿ" ಅಂದರೆ ಹುಷಾರು. ಅವರು ಒಳ್ಳೆಯವರೂ ಇರಬಹುದು, ಆದರೆ ನಿಮ್ಮ ಮೇಲೆ ಕೇಸ್ ಹಾಕಿದವರು ತೋರಿಸಿದ ವಕೀಲರು ಯಾಕೆ, ಅಲ್ವಾ?

ಒಂದೇ ಕೇಸ್‌ನಲ್ಲಿ ಅಣ್ಣ ಎ1, ತಮ್ಮ ಎ2, ಭಾವ ಎ3 ಆಗಿದ್ದರೆ ಎಲ್ಲರಿಗೂ ಒಬ್ಬರೇ ವಕೀಲರು ಸಾಕು ಅನಿಸುತ್ತದೆ. ಎಲ್ಲರ ಮಾತು ಒಂದೇ ಆಗಿದ್ದರೆ ಸಾಕು. ಭಾವ ಅಲ್ಲಿ ಇರಲೇ ಇಲ್ಲ ಎನ್ನುವುದಾದರೆ ಅವನಿಗೆ ಬೇರೆ ವಕೀಲರು ಬೇಕು.

ಹಂತ 4: ದುಡ್ಡಿಲ್ಲದಿದ್ದರೆ ಸರ್ಕಾರದ ವಕೀಲರು

ಇದು ಭಿಕ್ಷೆಯಲ್ಲ. ಸಂವಿಧಾನದ 39ಎ ವಿಧಿ ಮತ್ತು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ನಿಮ್ಮ ಹಕ್ಕು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಮತ್ತು ಬಂಧನದಲ್ಲಿರುವ ಯಾರೇ ಆಗಲಿ ವರಮಾನದ ಲೆಕ್ಕವಿಲ್ಲದೆ ಇದನ್ನು ಪಡೆಯಬಹುದು. ಉಳಿದವರಿಗೆ ವರಮಾನದ ಮಿತಿ ಇದೆ. ಬಂಧನದಲ್ಲಿರುವ ಯಾರೇ ಆಗಲಿ ಎಂಬುದನ್ನು ಇನ್ನೊಮ್ಮೆ ಓದಿ. ಲಾಕಪ್‌ನಲ್ಲಿರುವ ಶ್ರೀಮಂತನಿಗೂ ಇದು ಅನ್ವಯ.

ತಾಲ್ಲೂಕು ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ, ಜಿಲ್ಲಾ ಕೋರ್ಟ್‌ನಲ್ಲಿ ಜಿಲ್ಲಾ ಪ್ರಾಧಿಕಾರ. ರಾಜ್ಯ ಪ್ರಾಧಿಕಾರ ಬೆಂಗಳೂರಿನ ಎಚ್. ಸಿದ್ಧಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಒಂದು ಅರ್ಜಿ, ಎಫ್‌ಐಆರ್ ಪ್ರತಿ, ಆಧಾರ್, ಜಾತಿ ಅಥವಾ ವರಮಾನದ ಪತ್ರ ಕೊಡಿ. ಬರೆಯಲು ಬಾರದಿದ್ದರೆ ಅಲ್ಲಿನ ಸಿಬ್ಬಂದಿ ಬರೆದುಕೊಳ್ಳುತ್ತಾರೆ. ಕ್ರಿಮಿನಲ್ ಕೇಸ್‌ಗಳಿಗೆಂದೇ 2022ರ ಯೋಜನೆಯಡಿ ಜಿಲ್ಲೆಗಳಲ್ಲಿ ಕಾನೂನು ನೆರವು ಅಭಿರಕ್ಷಕರ ಕಚೇರಿಗಳು ತೆರೆದಿವೆ. ಅಲ್ಲಿನ ವಕೀಲರು ಪೂರ್ಣಾವಧಿ ಇದೇ ಕೆಲಸದವರು, ಖಾಸಗಿ ಕೇಸ್ ಹಿಡಿಯುವಂತಿಲ್ಲ. "ಪುಕ್ಕಟೆ ವಕೀಲರು ಏನು ಮಾಡ್ತಾರೆ" ಎಂಬ ಮಾತು ಸಾಕಷ್ಟು ಕೇಳಿದ್ದೇನೆ. ಅರ್ಧ ದುಡ್ಡು ಕೊಟ್ಟು ಇನ್ನರ್ಧ ಕೊಡಲಾಗದೆ ನಡುನೀರಿನಲ್ಲಿ ನಿಂತವರಿಗಿಂತ, ಮೊದಲ ದಿನವೇ ಅಭಿರಕ್ಷಕರ ಬಳಿ ಹೋದವರ ಕೇಸ್ ನೆಟ್ಟಗೆ ನಡೆದದ್ದನ್ನೂ ನೋಡಿದ್ದೇನೆ.

ಈ ವಕೀಲರು ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಕೇಳಿದರೆ ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರೆದು ಕೊಡಿ. ಅವರು ನ್ಯಾಯಾಧೀಶರೇ ಆಗಿರುತ್ತಾರೆ.

ಬಂಧಿಸಿ ಕೋರ್ಟ್‌ಗೆ ತಂದಾಗ ಅರ್ಜಿ ಗಿರ್ಜಿ ಏನೂ ಬೇಡ. ಕಟಕಟೆಯಲ್ಲಿ ನಿಂತು "ಸ್ವಾಮಿ, ನನಗೆ ವಕೀಲರಿಲ್ಲ, ಸರ್ಕಾರದಿಂದ ಕೊಡಿ" ಎನ್ನಿ. ಇಷ್ಟು ಹೇಳಿದರೆ ಸಾಕು. ಸುಮ್ನೆ ತಲೆ ತಗ್ಗಿಸಿ ನಿಂತರೆ ರಿಮಾಂಡ್, ಅಂದರೆ ಕಸ್ಟಡಿಗೆ ಕಳಿಸುವ ಆದೇಶ, ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ.

ಹಂತ 5: ಮೊದಲ ಭೇಟಿ ಮತ್ತು ಓಡಿಹೋಗುವ ಸಾಕ್ಷ್ಯ

ವಕೀಲರ ಮುಂದೆ ಕೂತಾಗ ಪೂರ್ತಿ ಸತ್ಯ ಹೇಳಿ. ಹೊಡೆದಿದ್ದರೆ ಹೊಡೆದೆ ಎನ್ನಿ. ನೀವು ಹೇಳಿದ್ದನ್ನು ಅವರು ಹೊರಗೆ ಹೇಳುವಂತಿಲ್ಲ. ಮುಚ್ಚಿಟ್ಟ ವಿಷಯ ಪಾಟೀ ಸವಾಲಿನ ನಡುವೆ ಸಾಕ್ಷಿಯ ಬಾಯಿಂದ ಮೊದಲ ಸಲ ಕೇಳುವುದು ಯಾವ ವಕೀಲರಿಗೂ ಬೇಡ. ಹೊಡೆದದ್ದು ನಿಜವಾದರೂ ತನ್ನ ಜೀವ ಉಳಿಸಿಕೊಳ್ಳಲು ಹೊಡೆದಿದ್ದರೆ ಅದಕ್ಕೆ ಕಾನೂನಿನಲ್ಲಿ ರಕ್ಷಣೆ ಇದೆ, ನ್ಯಾಯ ಸಂಹಿತೆಯ 34ರಿಂದ 44ನೇ ಕಲಂವರೆಗೆ ಅದೇ ವಿಷಯ.

ಹೋಗುವ ಮುಂಚೆ ನೋಟ್‌ಬುಕ್‌ನಲ್ಲಿ ಎರಡು ಪುಟ ಬರೆಯಿರಿ. ಜಾಗದ ಒಂದು ನಕ್ಷೆ, ಯಾರು ಎಲ್ಲಿ ನಿಂತಿದ್ದರು, ಯಾರು ಮೊದಲು ಏನೆಂದರು, ಬೆಳಕು ಹೇಗಿತ್ತು, ಅಲ್ಲಿ ಇನ್ನಾರಿದ್ದರು. ಹಳೇ ದ್ವೇಷ ಇದ್ದರೆ ಅದರ ಕಾಗದ ತನ್ನಿ, ಸಿವಿಲ್ ಕೇಸ್ ನಂಬರ್, ಸರ್ವೆ ನೋಟಿಸ್ ಯಾವುದಾದರೂ ಸರಿ. ಪುಟದ ಮೇಲೆ "ನನ್ನ ವಕೀಲರಿಗಾಗಿ" ಎಂದು ಬರೆದು ಅವರಿಗೇ ಕೊಟ್ಟುಬಿಡಿ, ಊರೆಲ್ಲ ತೋರಿಸಬೇಡಿ.

ಸಿಸಿಟಿವಿ ವಿಷಯದಲ್ಲಿ ಒಂದು ದಿನವೂ ಕಾಯಬೇಡಿ. ಅಂಗಡಿ, ಬೇಕರಿ ಕ್ಯಾಮೆರಾಗಳಲ್ಲಿ ಕೆಲವು ದಿನ ಅಥವಾ ವಾರಗಳಾದ ಮೇಲೆ ಹಳೆಯದರ ಮೇಲೆ ಹೊಸದು ತುಂಬಿಕೊಳ್ಳುತ್ತದೆ. ಚಾರ್ಜ್‌ಶೀಟ್ ಬಂದ ಮೇಲೆ ಕೇಳಿದರೆ ಏನೂ ಉಳಿದಿರುವುದಿಲ್ಲ. ಅಂಗಡಿಯವರಿಗೆ "ಇಂಥ ದಿನದ, ಇಂಥ ಸಮಯದ ದೃಶ್ಯ ಅಳಿಸಬೇಡಿ" ಎಂದು ಬರೆದು ಕೊಟ್ಟು, ಕೊಟ್ಟಿದ್ದಕ್ಕೆ ಸಹಿ ತೆಗೆದುಕೊಳ್ಳಿ. ತನಿಖಾಧಿಕಾರಿಗೂ ಲಿಖಿತವಾಗಿ ತಿಳಿಸಿ. ಮೊಬೈಲ್ ವಿಡಿಯೋ ಇದ್ದರೆ ಮೂಲ ಫೋನ್ ಹಾಗೇ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಮೂಲವನ್ನು ಅಳಿಸುವುದು ದೊಡ್ಡ ತಪ್ಪು. ಕೋರ್ಟ್‌ನಲ್ಲಿ ಇದನ್ನು ಹಾಜರುಪಡಿಸಲು ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು. ಅದನ್ನು ವಕೀಲರು ಸಿದ್ಧ ಮಾಡಿಸುತ್ತಾರೆ.

ಹಂತ 6: ಠಾಣೆಯಿಂದ ಕರೆ ಬಂದಾಗ

"ಒಂದ್ಸಲ ಬಂದು ಹೋಗಿ" ಎಂದು ಫೋನ್ ಬಂದರೆ ಹೆದರಿ ಓಡಬೇಡಿ, ಫೋನ್ ಆಫ್ ಮಾಡಿ ಅಡಗಲೂ ಬೇಡಿ. "ಸಾರ್, ನೋಟಿಸ್ ಕೊಡಿ, ವಕೀಲರ ಜೊತೆ ಬರ್ತೀನಿ" ಎಂದು ಮರ್ಯಾದೆಯಿಂದ ಹೇಳಿ. ಏಳು ವರ್ಷದವರೆಗಿನ ಶಿಕ್ಷೆಯ ಕೇಸ್‌ಗಳಲ್ಲಿ ಸುಮ್ಮಸುಮ್ಮನೆ ಬಂಧಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಬಂಧನ ಬೇಡವಾದಾಗ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 35(3)ರ ನೋಟಿಸ್ ಕೊಡಬೇಕು. ಇದನ್ನು ಬರೀ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು. ನೋಟಿಸ್ ಬಂದರೆ ಹೇಳಿದ ದಿನ ಹೋಗಲೇಬೇಕು. ಹೋಗಿ ಸಹಕರಿಸುತ್ತಿದ್ದರೆ, ಕಾರಣ ಬರೆಯದೆ ಬಂಧಿಸುವಂತಿಲ್ಲ. ಹೋಗದಿದ್ದರೆ ಆ ಕಾರಣವನ್ನು ನೀವೇ ಕೊಟ್ಟಂತೆ.

ಠಾಣೆಯಲ್ಲಿ ಹೆಸರು, ವಿಳಾಸ ಸರಿಯಾಗಿ ಹೇಳಿ. ಘಟನೆಯ ಬಗ್ಗೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರೂ ಬಲವಂತ ಮಾಡುವಂತಿಲ್ಲ, ಸಂವಿಧಾನದ 20(3) ಹೇಳುವುದು ಅದನ್ನೇ. ವಿಚಾರಣೆಯ ವೇಳೆ ವಕೀಲರನ್ನು ಕಾಣುವ ಹಕ್ಕಿದೆ, ಆದರೆ ಅವರು ಪೂರ್ತಿ ಹೊತ್ತು ಪಕ್ಕದಲ್ಲೇ ಕೂರುವಂತಿಲ್ಲ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. "ಇದು ಬರೀ ಫಾರ್ಮಾಲಿಟಿ" ಎಂದು ರೈಟರ್ ಮುಂದೆ ತಳ್ಳಿದ ಹಾಳೆಯಾದರೂ ಓದಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ ನಿಜ. ಆದರೆ ನಿಮ್ಮ ಹೇಳಿಕೆಯ ಮೇಲೆ ದೊಣ್ಣೆ ಸಿಕ್ಕಿತು ಎಂದು ಮಹಜರು ಆದರೆ ಆ ಭಾಗ ಕೋರ್ಟ್‌ವರೆಗೂ ಬರುತ್ತದೆ.

ಬಂಧಿಸಿದರೆ ಗಮನಿಸಬೇಕಾದದ್ದು: ಕಾರಣವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಎಲ್ಲ ಅಪರಾಧಗಳಿಗೂ ಅನ್ವಯಿಸಿ ಹೇಳಿದೆ. ಮನೆಯವರಿಗೆ ತಿಳಿಸಬೇಕು. ವೈದ್ಯರ ಬಳಿ ತೋರಿಸಬೇಕು. ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಠಾಣೆಯಲ್ಲಿ ಹೊಡೆದಿದ್ದರೆ ಅದನ್ನು ಹೇಳುವ ಜಾಗ ಮ್ಯಾಜಿಸ್ಟ್ರೇಟ್ ಮುಂದೆ, ಅದೇ ದಿನ. ಮನೆಯವರು ಕರೆದೊಯ್ದ ಸಮಯವನ್ನು ಬರೆದಿಟ್ಟುಕೊಳ್ಳಲಿ. ನಾಳೆ ಠಾಣೆಯ ಪುಸ್ತಕದಲ್ಲಿ ಬೇರೆ ಸಮಯ ಇರಬಹುದು.

ಸರ್ಕಾರಿ ನೌಕರರಾಗಿದ್ದರೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. 48 ಗಂಟೆಗಿಂತ ಹೆಚ್ಚು ಕಸ್ಟಡಿಯಲ್ಲಿದ್ದರೆ ಅಮಾನತಾದಂತೆಯೇ ಲೆಕ್ಕ. ವಕೀಲರಿಗೆ ಇದನ್ನು ಮೊದಲ ಮಾತಿನಲ್ಲೇ ಹೇಳಿ.

ಹಂತ 7: ಜಾಮೀನು

ಜಾಮೀನು ಸಿಗುವ ಕಲಂಗಳೇ ಇದ್ದರೆ ಠಾಣೆಯಲ್ಲೇ ಬಿಡುಗಡೆ. ಅದು ದಯೆಯಲ್ಲ, ಹಕ್ಕು. ಜಾಮೀನುದಾರರು ಸಿಗದೆ ಒಂದು ವಾರ ಕಳೆದರೆ ಬಡವರೆಂದು ತಿಳಿದು ಸ್ವಂತ ಮುಚ್ಚಳಿಕೆ ಮೇಲೆ ಬಿಡಬೇಕು.

ಜಾಮೀನು ರಹಿತ ಕಲಂ ಇದ್ದು ಇನ್ನೂ ಬಂಧನವಾಗಿಲ್ಲದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 482ರಡಿ ನಿರೀಕ್ಷಣಾ ಜಾಮೀನು. ಇದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ಜಿಲ್ಲಾ ಸೆಷನ್ಸ್ ಕೋರ್ಟ್, ಅಲ್ಲಿ ಆಗದಿದ್ದರೆ ಹೈಕೋರ್ಟ್‌ನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ಅರ್ಜಿ ಹಾಕಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. ಆದೇಶ ಬರುವವರೆಗೆ ಪೊಲೀಸರು ಬಂಧಿಸಬಹುದು. ಬಂಧನ ಆಗಿದ್ದರೆ 480ರಡಿ ಮ್ಯಾಜಿಸ್ಟ್ರೇಟ್ ಮುಂದೆ, ಭಾರಿ ಕಲಂಗಳಿಗೆ 483ರಡಿ ಸೆಷನ್ಸ್ ಮುಂದೆ. ಪೊಲೀಸರು ಚಾರ್ಜ್‌ಶೀಟ್ ಹಾಕಲು ತಡ ಮಾಡಿದರೆ 60 ದಿನ, ಜೀವಾವಧಿಯಂಥ ಶಿಕ್ಷೆಯ ಕೇಸ್‌ನಲ್ಲಿ 90 ದಿನ ಕಳೆದ ಮೇಲೆ ಜಾಮೀನು ಹಕ್ಕಾಗುತ್ತದೆ. ಚಾರ್ಜ್‌ಶೀಟ್ ಬರುವ ಮುಂಚೆಯೇ ಅರ್ಜಿ ಹಾಕಿ ಕೇಳಬೇಕು. ಆ ಒಂದು ಬೆಳಿಗ್ಗೆ ತಪ್ಪಿದರೆ ಹಕ್ಕು ಹೋಯಿತು.

ಆದೇಶ ಬಂದ ಮೇಲೂ ಮನುಷ್ಯ ಜೈಲಿನಲ್ಲೇ ಉಳಿಯುವುದು ಜಾಮೀನುದಾರರ ಕಾಗದದ ಕೊರತೆಯಿಂದ. ಪಹಣಿಯಲ್ಲಿ ತಾತನ ಹೆಸರಿರುತ್ತದೆ, ಆಧಾರ್‌ನಲ್ಲಿ ಇನಿಷಿಯಲ್ ಬೇರೆ ಇರುತ್ತದೆ, ಅಷ್ಟಕ್ಕೇ ಒಂದು ದಿನ ಹಾಳು. ಹೊಸ ಪಹಣಿ ತೆಗೆಸಿ, ಆ ಜಮೀನಿನ ಮೇಲೆ ಈಗಾಗಲೇ ಬೇರೆಯವರಿಗೆ ಜಾಮೀನು ನಿಂತಿದ್ದಾರಾ ಕೇಳಿ. ಗೇಟಿನ ಬಳಿ ಬಾಡಿಗೆ ಜಾಮೀನುದಾರರನ್ನು ಕೊಡಿಸುವ ದಲ್ಲಾಳಿಗಳಿರುತ್ತಾರೆ. ಹತ್ತಿರವೂ ಸೇರಿಸಬೇಡಿ, ಸಿಕ್ಕಿಬಿದ್ದರೆ ಫೋರ್ಜರಿಯ ಹೊಸ ಕೇಸ್. ಜಾಮೀನು ಸಿಕ್ಕಿಯೂ ಒಂದು ತಿಂಗಳು ಕಾಗದ ಒದಗಿಸಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟ್ ತಾನಾಗಿಯೇ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ನಿಮ್ಮ ವಕೀಲರು ಆ ದಿನದವರೆಗೆ ಕಾಯದೆ ಅರ್ಜಿ ಹಾಕಲಿ.

ಜಾಮೀನು ಆದೇಶದ ಷರತ್ತುಗಳನ್ನು ಕನ್ನಡದಲ್ಲಿ ಬರೆಸಿಕೊಂಡು ಗೋಡೆಗೆ ಅಂಟಿಸಿ. ಪ್ರತಿ ಭಾನುವಾರ ಠಾಣೆಗೆ ಸಹಿ ಹಾಕಲು ಹೇಳಿದ್ದರೆ ಹಬ್ಬ ಬಂದರೂ ಹೋಗಬೇಕು. ವಿದೇಶದಲ್ಲಿ ಕೆಲಸ ಇರುವವರು, ಪಾಸ್‌ಪೋರ್ಟ್ ನವೀಕರಿಸಬೇಕಾದವರು ಕೋರ್ಟ್ ಅನುಮತಿ ಇಲ್ಲದೆ ಟಿಕೆಟ್ ಮಾಡಿಸಬೇಡಿ.

ಹಂತ 8: ಚಾರ್ಜ್‌ಶೀಟ್, ವಾಯಿದೆ, ರಾಜಿ

ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಕೇಸ್‌ಗೆ ಕೊಟ್ಟ 16 ಅಕ್ಷರಗಳ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ವಾಯಿದೆ ತಿಳಿಯುತ್ತದೆ. ವಕೀಲರು ಫೋನ್ ಮಾಡಲಿ ಎಂದು ಕಾಯಬೇಡಿ. ಬರಲಾಗದಿದ್ದರೆ ವಕೀಲರು ಆ ದಿನದ ಮಟ್ಟಿಗೆ ವಿನಾಯಿತಿ ಅರ್ಜಿ ಹಾಕುತ್ತಾರೆ, ಹಿಂದಿನ ದಿನವೇ ತಿಳಿಸಿ. ತಪ್ಪಿಸಿಕೊಂಡು ವಾರಂಟ್ ಆಗಿದ್ದರೆ ಪೊಲೀಸರು ಬರುವ ಮುಂಚೆ ನೀವೇ ವಕೀಲರ ಜೊತೆ ಹೋಗಿ ವಾರಂಟ್ ಹಿಂಪಡೆಯಲು ಅರ್ಜಿ ಹಾಕಿ. ಜಾಮೀನಿನ ಮೇಲಿದ್ದು ಹಾಜರಾಗದಿರುವುದು ತಾನೇ ಬೇರೆ ಅಪರಾಧ, ನ್ಯಾಯ ಸಂಹಿತೆಯ 269ನೇ ಕಲಂ.

ಚಾರ್ಜ್‌ಶೀಟ್ ಪ್ರತಿ ನಿಮಗೆ ಪುಕ್ಕಟೆ ಸಿಗಬೇಕು. ಕೈಗೆ ಬಂದಾಗ ಪುಟ ಎಣಿಸಿ. ಗಾಯದ ಪ್ರಮಾಣಪತ್ರ, ಮಹಜರು, ಸಾಕ್ಷಿಗಳ ಹೇಳಿಕೆ ಇವೆಯಾ ನೋಡಿ. ಗಾಯದ ಪ್ರಮಾಣಪತ್ರದ ಕೊನೆಯ ಸಾಲಿನಲ್ಲಿ ಗಾಯ ಸಾಧಾರಣವೋ ತೀವ್ರವೋ ಎಂದಿರುತ್ತದೆ. "ತೀವ್ರ" ಎಂದಿದ್ದು ಎಕ್ಸ್‌ರೇ ಇಲ್ಲದಿದ್ದರೆ ವಕೀಲರಿಗೆ ತೋರಿಸಿ. ಮ್ಯಾಜಿಸ್ಟ್ರೇಟ್ ಕೋರ್ಟ್‌ನಲ್ಲಿ ಕೇಸ್‌ನಿಂದಲೇ ಬಿಡುಗಡೆ ಕೋರುವ ಅರ್ಜಿಗೆ ಪ್ರತಿ ಸಿಕ್ಕ ದಿನದಿಂದ 60 ದಿನ ಗಡುವು ಇದೆ.

ಒಂದು ವಾಯಿದೆಗೆ ನ್ಯಾಯಾಧೀಶರು ಆರೋಪ ಓದಿ "ಒಪ್ಪುತ್ತೀರಾ?" ಎಂದು ಕೇಳುತ್ತಾರೆ. ಇಲ್ಲಿ ಎಡವುವವರು ತುಂಬ ಜನ. ಅಲೆದು ಬೇಸತ್ತು "ಐನೂರೋ ಸಾವಿರವೋ ದಂಡ ಕಟ್ಟಿ ಮುಗಿಸೋಣ" ಎಂದು "ಹೌದು ಸ್ವಾಮಿ" ಅಂದುಬಿಡುತ್ತಾರೆ. ಆ ದಂಡದ ರಸೀದಿಯ ಹಿಂದೆ "ಅಪರಾಧಿ" ಎಂಬ ತೀರ್ಪಿರುತ್ತದೆ. ನಾಲ್ಕು ವರ್ಷ ಬಿಟ್ಟು ನಿಮ್ಮ ಪೊಲೀಸ್ ಪರಿಶೀಲನೆ ನಡೆದಾಗ ಅದು ಎದ್ದು ನಿಲ್ಲುತ್ತದೆ. ವಕೀಲರನ್ನು ಕೇಳದೆ ಒಪ್ಪಬೇಡಿ.

ನಿಜವಾಗಿಯೂ ರಾಜಿ ಬೇಕಿದ್ದರೆ ಅದಕ್ಕೆ ದಾರಿ ಕೋರ್ಟ್‌ನಲ್ಲೇ ಇದೆ. 115(2), 126(2), 352ಕ್ಕೆ ಏಟು ತಿಂದವರು ಒಪ್ಪಿದರೆ ಸಾಕು. 117(2)ಕ್ಕೆ ಕೋರ್ಟ್ ಅನುಮತಿ ಬೇಕು. ಹೀಗೆ ರಾಜಿಯಾದರೆ ಅದು ಖುಲಾಸೆಗೆ ಸಮ. ಲೋಕ ಅದಾಲತ್‌ನಲ್ಲೂ ಇವು ಮುಗಿಯುತ್ತವೆ. 118(1) ಮಾತ್ರ ರಾಜಿಯ ಪಟ್ಟಿಯಲ್ಲಿಲ್ಲ. ಅದಕ್ಕೆ ಇಬ್ಬರೂ ಅಫಿಡವಿಟ್ ಸಲ್ಲಿಸಿ ಹೈಕೋರ್ಟ್‌ನಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 528ರಡಿ ರದ್ದತಿ ಕೇಳಬೇಕು. ಠಾಣೆಯ ಮುಚ್ಚಳಿಕೆಗೆ ಈ ಯಾವ ಬಲವೂ ಇಲ್ಲ.

ವಕೀಲರು ಸರಿಬರಲಿಲ್ಲವೇ?

ಎರಡು ಮೂರು ವಾಯಿದೆಗೆ ಬಾರದೆ, ಫೋನ್ ಎತ್ತದೆ, ಫೈಲ್ ತೋರಿಸದೆ ಇದ್ದರೆ ಬದಲಿಸಿ. ಅವರಿಂದ ನಿರಾಕ್ಷೇಪಣೆ ಬರೆಸಿಕೊಂಡು ಹೊಸಬರಿಂದ ವಕಾಲತ್ತು ಹಾಕಿಸುವುದು ರೂಢಿ. ಫೀಸು ಬಾಕಿ ಇದೆ ಎಂದು ಹಳೇ ವಕೀಲರು ಫೈಲ್ ಇಟ್ಟುಕೊಳ್ಳುವಂತಿಲ್ಲ, ಸುಪ್ರೀಂ ಕೋರ್ಟ್ 2000ದಲ್ಲೇ ಇದನ್ನು ಹೇಳಿದೆ. ಕೊಡದಿದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಆದರೆ ಮುಖ್ಯ ಸಾಕ್ಷಿಯ ಪಾಟೀ ಸವಾಲಿನ ಹಿಂದಿನ ದಿನ ಬದಲಿಸಬೇಡಿ, ಹೊಸಬರು ಫೈಲ್ ಓದುವಷ್ಟು ಹೊತ್ತಾದರೂ ಸಿಗಲಿ.

ಕೇಸ್ ಮುಗಿದ ದಿನ ಸಿಹಿ ಹಂಚುವ ಮುಂಚೆ ನಕಲು ವಿಭಾಗಕ್ಕೆ ಹೋಗಿ ತೀರ್ಪಿನ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಎರಡು ಪ್ರತಿ ತೆಗೆಸಿ. ಒಂದನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಇನ್ನೊಂದು ಆ ಹಳೇ ಫೈಲ್‌ನಲ್ಲೇ ಇರಲಿ.